ಉಪ್ಪು ಇಳಿಯುವ ದಾರಿ

ಸಗರ ಊರಿನ ನಮ್ಮ ಹೊಲಕ್ಕೆ ಕಾಲುವೆ ನೀರು ಬಂದಾಗ ಜೋಳ ಬಿಟ್ಟು ಭತ್ತ ಹಚ್ಚಿದೆವು. ಕೆಲವು ವರ್ಷ ಚೆನ್ನಾಗಿ ಬೆಳೆಯಿತು. ಆಮೇಲೆ ನೀರು ನೆಲದೊಳಗೇ ನಿಂತಿತು. ಬೇಸಿಗೆಯಲ್ಲಿ ಮಣ್ಣಿನ ಮೇಲೆ ಬಿಳಿ ಉಪ್ಪು ಏಳತೊಡಗಿತು. ಸವಳು ಅನ್ನುತ್ತೇವೆ. ಭತ್ತ ಹೋಯಿತು, ಹುಲ್ಲೂ ಹೋಯಿತು.

ಅಂಥ ಒಂದು ಬೇಸಿಗೆಯಲ್ಲಿ ಮಗಳ ಮಗಳು ಕಲಬುರಗಿಯಿಂದ ರಜೆಗೆ ಬಂದಳು. ಎಂ.ಎಸ್ಸಿ. ಓದುತ್ತಿದ್ದಳು. ಸಮುದ್ರದ ನೀರು ಹೆಪ್ಪುಗಟ್ಟುವುದನ್ನು ಕಂಪ್ಯೂಟರಿನಲ್ಲಿ ಮಾಡಿ ನೋಡುವುದು ಅವಳ ಅಭ್ಯಾಸ. ನಾನು ಸಮುದ್ರವನ್ನೇ ಕಂಡವಳಲ್ಲ. ಅವಳು ತೋರಿಸಿದ ಪರದೆಯ ಮೇಲೆ ಒಂದು ಬಿಳಿ ಚುಕ್ಕೆ ಹುಟ್ಟಿತು. ಜಾಲಿಗಿಡದ ಹಾಗೆ ಅದಕ್ಕೆ ಕೊಂಬೆ ಒಡೆದವು, ಕೊಂಬೆಗೆ ಮತ್ತೆ ಕೊಂಬೆ.

“ನೀರು ಬರ್ಫ ಆಗೂಮುಂದ ಉಪ್ಪಿನ್ನ ಹೊರಗ ತಳ್ತದ ಆಯಿ. ಉಪ್ಪು ಸಂದ್ಯಾಗ ಹಾದು ಕೆಳಗ ಸಮುದ್ರಕ್ಕ ಇಳೀತದ.”

“ನಮ್ದು ಮ್ಯಾಲ ಏರಾಕತ್ತದಲ್ಲ! ನಮ್ಮ ಹೊಲ ಹಾಕು ಅದರಾಗ.”

“ಇದು ಬರ್ಫಿನ ಲೆಕ್ಕ, ಹೊಲದ್ದಲ್ಲ.”

“ಉಪ್ಪು ಉಪ್ಪೇ. ಹಾಕು.”

ಗೊಣಗುತ್ತಲೇ ಕೂತು ಲೆಕ್ಕ ಬದಲಿಸಿದಳು. ಎರೆಮಣ್ಣು ಹಾಕಿದಳು, ಕಾಲುವೆ ನೀರು ಬಿಟ್ಟಳು, ನಮ್ಮ ಬಿಸಿಲು ಕೊಟ್ಟಳು. ಪರದೆ ಬುಡದಿಂದ ಮೇಲಕ್ಕೆ ಬೆಳ್ಳಗಾಯಿತು. ನೀರು ಕಡಿಮೆ ಮಾಡಿದರೂ ಬೆಳ್ಳಗೆ. ಕೊನೆಗೆ ಒಂದು ಬದಿಗೆ ಬಸಿಗಾಲುವೆ ತೋಡಿದಳು. ಬಿಳುಪು ಇಳಿಯಿತು. ಹೊಲ ಉಳಿಯುವ ದಾರಿ ಅದೊಂದೇ.

ಆದರೆ ಬಸಿದ ನೀರು ಹಳ್ಳ ಸೇರಲು ಮೈದುನನ ಹೊಲ ದಾಟಬೇಕು. ಅವನನ್ನು ಕರೆಸಿ ತೋರಿಸಿದೆ. ಬಗ್ಗಿ ನೋಡಿದ.

“ನನ್ನ ಹೊಲ ಎಲ್ಲಿ ಅದ ಇದರಾಗ, ವೈನಿ?”

“ಅದನ್ನ ಹಾಕಿಲ್ರಿ ಮುತ್ಯಾ,” ಎಂದಳು ಹುಡುಗಿ. “ನೀರು ಹೊರಗ ಹೋಯ್ತು ಅಂತ ಅಷ್ಟೇ ತೋರ್ಸೀನಿ.”

“ಹೊರಗ ಅಂದ್ರ ನಾನೇ ಅಲ್ಲೇನವಾ? ನಿಮ್ಮ ಉಪ್ಪೆಲ್ಲ ನನ್ನ ಬಾಯಾಗ ಸುರೀತೀರಿ. ನಾನೇನು ಸಮುದ್ರ ಇದ್ದೀನಾ?”

ಜಗಳಕ್ಕೆ ನಾನು ಸಿದ್ಧಳಾಗಿಯೇ ಕೂತಿದ್ದೆ. ಆದರೆ ಪರದೆಯ ಕಡೆಗೇ ತಿರುಗಿದೆ. ಅವನು ಹೋದ ಮೇಲೆ, ಅವನ ಹೊಲವನ್ನೂ ಹಾಕು ಎಂದೆ. ಹಾಕಿದಳು. ಉಪ್ಪು ಇಳಿದು ನಮ್ಮದು ಕಪ್ಪಾಗುತ್ತ ಬಂತು, ಬಸಿಗಾಲುವೆಯ ಎರಡೂ ದಂಡೆಗೆ ಅವನದು ಬೆಳ್ಳಗಾಗುತ್ತ ಹೋಯಿತು.

“ಬಂದ್ ಮಾಡು,” ಎಂದೆ.

ಅವಳು ಮತ್ತೆ ಬರ್ಫು ಬೆಳೆಸಲು ಕೂತಳು. ಬಸಿಗಾಲುವೆಯ ಮಾತನ್ನು ನಾನು ಮತ್ತೆ ಎತ್ತಲಿಲ್ಲ. ಮಳೆ ಬಂದಾಗ ಬಿತ್ತಲೂ ಇಲ್ಲ. ಈಗ ನಮ್ಮ ಹೊಲದಲ್ಲಿ ಜಾಲಿ ಎದ್ದಿದೆ. ಕಾಲುವೆಗೆ ನೀರು ಬಿಟ್ಟರೆಂದು ಊರವರು ಖುಷಿಯಿಂದ ಹೇಳುವಾಗ ನಾನು ಒಳಗೆ ಹೋಗುತ್ತೇನೆ.