ಜ್ಞಾನ ಹಂಚಿಕೆಯ ಬುಧವಾರಗಳು

ನರೋಡಾದ ಕೈಗಾರಿಕಾ ವಸಾಹತಿನಲ್ಲಿ ಬಣ್ಣದ ಪುಡಿ ತಯಾರಿಸುವ ಕಾರ್ಖಾನೆಯೊಂದರ ಪ್ರಯೋಗಾಲಯಕ್ಕೆ ನಾನು ಮುಖ್ಯಸ್ಥನಾಗಿ ಬಂದಾಗ ಅಲ್ಲಿ ಎಲ್ಲವೂ ಚೆನ್ನಾಗಿಯೇ ನಡೆದಿತ್ತು. ಇದನ್ನು ಒಪ್ಪಿಕೊಳ್ಳಲು ನನಗೆ ಒಂದು ವರ್ಷ ಬೇಕಾಯಿತು.

ಅಲ್ಲಿ ಏಳು ಜನ ಕೆಲಸ ಮಾಡುತ್ತಿದ್ದರು. ದಿನಾ ಹತ್ತೂವರೆಗೆ ಎಲ್ಲರೂ ಕೈ ತೊಳೆದುಕೊಂಡು ಹೊರಗಿನ ವರಾಂಡದಲ್ಲಿದ್ದ ಉದ್ದನೆಯ ಹಳೇ ಮೇಜಿನ ಸುತ್ತ ಕೂರುತ್ತಿದ್ದರು. ಚಹಾ ಬರುತ್ತಿತ್ತು, ಯಾರದೋ ಡಬ್ಬಿಯಿಂದ ಮೆಂತ್ಯದ ರೊಟ್ಟಿ, ಅವರ ಥೇಪ್ಲಾ, ಹೊರಬೀಳುತ್ತಿತ್ತು, ಇಪ್ಪತ್ತೈದು ನಿಮಿಷ ಗುಜರಾತಿಯಲ್ಲಿ ಗದ್ದಲವೋ ಗದ್ದಲ. ನನ್ನೊಂದಿಗೆ ಅವರು ಹಿಂದಿಯಲ್ಲಿ ಮಾತಾಡುತ್ತಿದ್ದರು. ಧಾರವಾಡದಿಂದ ಬಂದ ನನಗೆ ಗುಜರಾತಿ ಅಷ್ಟಕ್ಕಷ್ಟೆ. ಅರ್ಥವಾಗದ ಮಾತೆಲ್ಲ ಹರಟೆ ಎಂದುಕೊಳ್ಳುವುದು ಸುಲಭ. ನಾನು ಹಾಗೆಯೇ ಅಂದುಕೊಂಡೆ.

ಅಷ್ಟರಲ್ಲಿ ಕಂಪನಿಯವರು ನನ್ನನ್ನು ವಡೋದರಾಕ್ಕೆ ಎರಡು ದಿನದ ತರಬೇತಿಗೆ ಕಳಿಸಿದರು. ಕೂಡಿ ಕಲಿಯುವ, ಕೂಡಿ ದುಡಿಯುವ ವಾತಾವರಣವನ್ನು ಕಟ್ಟುವುದು ಹೇಗೆ ಎನ್ನುವುದು ವಿಷಯ. ಹೋಟೆಲಿನ ಹಾಲಿನಲ್ಲಿ ನಮ್ಮನ್ನು ಗುಂಪುಗಳಾಗಿ ಮಾಡಿ ಕಾಗದದ ಲೋಟಗಳಿಂದ ಗೋಪುರ ಕಟ್ಟಿಸಿದರು. ನಮ್ಮ ಗುಂಪಿನ ಗೋಪುರ ಎರಡು ಸಲ ಬಿತ್ತು, ಏಕೆಂದರೆ ಬೇರೆಯವರ ಕೈಗೆ ಲೋಟ ಸಿಗದ ಹಾಗೆ ನಾನು ನೋಡಿಕೊಂಡಿದ್ದೆ. ಆದರೂ ಎಲ್ಲರಿಗಿಂತ ಹೆಚ್ಚು ಟಿಪ್ಪಣಿ ಬರೆದುಕೊಂಡವನು ನಾನೇ.

ಹಿಂತಿರುಗಿದ ವಾರವೇ ಬುಧವಾರದ 'ಜ್ಞಾನ ಹಂಚಿಕೆ ಸಭೆ' ಶುರುಮಾಡಿದೆ. ಸಭೆಗೆ ಮೇಜು ಬೇಕಲ್ಲ, ವರಾಂಡದ್ದನ್ನು ಒಳಗೆ ತರಿಸಿ ಹಸಿರು ಬಟ್ಟೆ ಹೊದಿಸಿದೆ. ಚಹಾಕ್ಕೆ ಎಲ್ಲರೂ ಒಮ್ಮೆಲೇ ಏಳುವುದು ಬೇಡ, ಇಬ್ಬಿಬ್ಬರಾಗಿ ಕ್ಯಾಂಟೀನಿಗೆ ಹೋಗಿ ಬನ್ನಿ ಎಂದೆ. ಒಂದು ಫಾರ್ಮೂ ಅಚ್ಚಾಯಿತು. 'ಈ ವಾರ ನಾನು ಕಲಿತದ್ದು' ಎಂಬ ತಲೆಬರಹ, ಕೆಳಗೆ ಆರು ಗೆರೆ.

ಬುಧವಾರ ಎಲ್ಲರೂ ಬಂದು ಶಾಲೆಯಲ್ಲಿ ಕೂತಂತೆ ಕೂರುತ್ತಿದ್ದರು. ನಾನೊಬ್ಬನೇ ಮಾತಾಡುತ್ತಿದ್ದೆ. ಫಾರ್ಮುಗಳಲ್ಲಿ 'ಸುರಕ್ಷತೆ ಮುಖ್ಯ' ಎಂದೋ 'ಒಗ್ಗಟ್ಟು ಒಳ್ಳೆಯದು' ಎಂದೋ ಬರೆದಿರುತ್ತಿತ್ತು. ಜನ ಎಷ್ಟು ಬದಲಾಗಿದ್ದಾರೆ ಎಂದು ಹಿಗ್ಗಿ ನಾನು ಅವನ್ನೆಲ್ಲ ಫೈಲು ಮಾಡಿ ಮೇಲಿನವರಿಗೆ ಕಳಿಸುತ್ತಿದ್ದೆ.

ಆ ದಿನಗಳಲ್ಲೇ ಹೊಸಬರೊಬ್ಬರು ಸೇರಿದರು. ನಲವತ್ತರ ಆಸುಪಾಸಿನ ಹೆಂಗಸು, ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಕೆಲಸಕ್ಕೆ ಬಂದವರು. ಪುಡಿಯಲ್ಲಿ ತೇವ ಎಷ್ಟಿದೆ ಎಂದು ನೋಡುವುದು ಅವರ ಕೆಲಸ. ಒಂದಿಷ್ಟು ಪುಡಿ ತೂಗಿ, ಒಣಗಿಸಿ, ಮತ್ತೆ ತೂಗಬೇಕು. ಅಷ್ಟು ಸರಳ ಪರೀಕ್ಷೆಯಲ್ಲಿ ಅವರ ಲೆಕ್ಕ ದಿನಕ್ಕೊಂದು ಥರ ಬರತೊಡಗಿತು. ಒಳ್ಳೆಯ ಮಾಲು ತಿರಸ್ಕಾರವಾಯಿತು, ಉತ್ಪಾದನೆಯವರು ನನ್ನ ಕೋಣೆಗೆ ಬಂದು ಕೂಗಾಡಿದರು. ನಾನೇ ಹೋಗಿ ಒಂದು ಮಾದರಿಯನ್ನು ಮೂರು ಸಲ ತೂಗಿದೆ. ಮೂರು ಸಲವೂ ಬೇರೆ ಬೇರೆ ಅಂಕಿ ಬಂತು. ಮೂರನ್ನೂ ಕೂಡಿಸಿ ಸರಾಸರಿ ಬರೆದು, ತಪ್ಪು ಆಕೆಯದೇ ಎಂದು ತೀರ್ಮಾನಿಸಿ ಹೊರಬಂದೆ.

ಮುಂದಿನ ಬುಧವಾರ ಎಲ್ಲರೆದುರು ಅವರನ್ನು ಎದ್ದು ನಿಲ್ಲಿಸಿದೆ. "ನಿಮ್ಮ ತಪ್ಪಿನಿಂದ ಏನು ಕಲಿತಿರಿ, ಹೇಳಿ," ಎಂದೆ. ನನ್ನ ಪ್ರಕಾರ ಅದು ಬೈಗುಳವಲ್ಲ, ಜ್ಞಾನ ಹಂಚಿಕೆ.

ಆಕೆಯ ಮುಖ ಕೆಂಪಾಯಿತು. "ನನಗೆ ಯಾರೂ ಏನೂ ಹೇಳಿಕೊಟ್ಟಿಲ್ಲ ಸರ್. ಕೇಳೋಣ ಅಂದ್ರೆ ಯಾರೂ ಒಂದು ಕಡೆ ಸಿಗೋದಿಲ್ಲ."

ಎಲ್ಲರಿಗಿಂತ ಹಿರಿಯರಾದ, ನಾವೆಲ್ಲ ಬೆನ್, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದ ಹೆಂಗಸು ಕನ್ನಡಕ ಒರೆಸಿಕೊಳ್ಳುತ್ತ ಹೇಳಿದರು: "ಫ್ಯಾನ್ ಸಾಹೇಬ್. ಗೋಡೆಯ ದೊಡ್ಡ ಫ್ಯಾನ್ ತಿರುಗ್ತಿದ್ರೆ ತಕ್ಕಡಿಯ ಕಟ್ಟೆ ನಡುಗುತ್ತೆ. ತೂಗೋ ಮುಂಚೆ ಅದನ್ನ ಬಂದ್ ಮಾಡ್ಬೇಕು."

"ಇದು ಎಲ್ಲರಿಗೂ ಗೊತ್ತಿತ್ತಾ?"

"ಹೊಸಬರೊಬ್ಬರನ್ನ ಬಿಟ್ಟು ಎಲ್ಲರಿಗೂ ಗೊತ್ತು." ಕನ್ನಡಕ ಏರಿಸಿಕೊಂಡು ಸೇರಿಸಿದರು, "ನಿಮ್ಮನ್ನೂ ಬಿಟ್ಟು."

"ಮತ್ತೆ ಫಾರ್ಮಿನಲ್ಲಿ ಯಾಕೆ ಬರೀಲಿಲ್ಲ?"

"ಅದರಲ್ಲಿ ಈ ವಾರ ಕಲಿತದ್ದು ಬರೀರಿ ಅಂತಿದೆ. ಇದನ್ನ ನಾವು ಕಲಿತು ಎಷ್ಟೋ ವರ್ಷ ಆಯ್ತು. ಮೊದಲೆಲ್ಲ ಯಾರಾದ್ರೂ ಹೊಸಬರು ಬಂದಾಗ ಚಹಾ ಕುಡೀತಾ ಹೇಳ್ತಿದ್ವಿ."

ಸಂಜೆ ಚಾಂದ್‌ಖೇಡಾದ ಮನೆಗೆ ಹೋಗಿ ಹೆಂಡತಿಯ ಮುಂದೆ ದೂರಿಕೊಂಡೆ, ಈ ಜನಕ್ಕೆ ಹಂಚಿಕೊಳ್ಳುವ ಮನಸ್ಸೇ ಇಲ್ಲ ಎಂದು. ಅವಳು ಕೊತ್ತಂಬರಿ ಬಿಡಿಸುತ್ತ ಪೂರ್ತಿ ಕೇಳಿಸಿಕೊಂಡಳು.

"ಕುಂತು ಮಾತಾಡೂ ಜಾಗಾ ಕಸಗೊಂಡ್ರಿ, ಚಾ ಕಸಗೊಂಡ್ರಿ, ಈಗ ಮಾತಾಡವಲ್ಲರು ಅಂತೀರಿ. ಅವರರ ಏನ್ ಮಾಡ್ಬೇಕ್ರೀ?"

ನಾನು ಪತ್ರಿಕೆ ಎತ್ತಿಕೊಂಡೆ. ಅದು ಗುಜರಾತಿ ಪತ್ರಿಕೆ ಎಂದು ತಿಳಿಯುವಷ್ಟರಲ್ಲಿ ಅವಳು ನಗುತ್ತಿದ್ದಳು.

ಮರುದಿನ ಬೆಳಿಗ್ಗೆ ಬೇಗ ಹೋಗಿ, ಬೇರೆ ಯಾರೂ ಇಲ್ಲದ ಹೊತ್ತು ನೋಡಿ ಹೊಸಬರ ಕ್ಷಮೆ ಕೇಳಿದೆ. ಆಕೆ ನನ್ನನ್ನು ನೇರವಾಗಿ ನೋಡಿದರು. "ಸರ್, ಬೈದದ್ದು ಎಲ್ಲರ ಮುಂದೆ. ಕ್ಷಮೆ ಮಾತ್ರ ಯಾರೂ ಇಲ್ಲದಾಗ?"

ನಾನು ಏನೋ ಗೊಣಗಿ ನನ್ನ ಕೋಣೆ ಸೇರಿದೆ. ಅದೇ ದಿನ ಮೇಜನ್ನು ವರಾಂಡಕ್ಕೆ ಹೊರಿಸಿ, ಬುಧವಾರದ ಸಭೆ ರದ್ದು, ಚಹಾ ಎಂದಿನಂತೆ ಇಲ್ಲೇ ಎಂದು ಸಾರಿದೆ. ಹತ್ತೂವರೆಗೆ ಸರಿಯಾಗಿ ನಾನೇ ಮೊದಲು ಹೋಗಿ ಕೂತೆ. ಯಾರೂ ಬರಲಿಲ್ಲ. ಎರಡನೇ ದಿನವೂ ಇಲ್ಲ. ಮೂರನೇ ದಿನ ಚಹಾ ತಂದವನು ನನ್ನನ್ನೂ ಎಂಟು ಖಾಲಿ ಕುರ್ಚಿಗಳನ್ನೂ ನೋಡಿ, "ಎಷ್ಟು ಸುರೀಲಿ ಸಾಹೇಬ್?" ಎಂದು ಕೇಳಿದ.

ಕೊನೆಗೆ ಬೆನ್ ಅವರನ್ನೇ ಕೇಳಿದೆ. ಅವರು ಹಿಂದೆಮುಂದೆ ನೋಡದೆ ಹೇಳಿದರು: "ನೀವು ಮೊದಲೇ ಹೋಗಿ ಕೂತ್ರೆ ಅದು ಮತ್ತೆ ಸಭೆ ಆಗುತ್ತೆ. ಹತ್ತು ನಿಮಿಷ ತಡವಾಗಿ ಬನ್ನಿ. ಫೈಲು ತರಬೇಡಿ."

ಮರುದಿನ ಕೋಣೆಯ ಬಾಗಿಲು ಹಾಕಿಕೊಂಡು ಗಡಿಯಾರ ನೋಡುತ್ತ ಕೂತೆ. ಹೊರಗೆ ಒಂದೊಂದೇ ಕುರ್ಚಿ ಎಳೆದ ಸದ್ದು, ಆಮೇಲೆ ಮಾತು, ಆಮೇಲೆ ದೊಡ್ಡ ನಗು. ಯಾರ ಬಗ್ಗೆ ಎಂದು ಊಹಿಸಲು ನನ್ನ ಗುಜರಾತಿಯೂ ಸಾಕಾಗಿತ್ತು. ಹತ್ತು ನಿಮಿಷ ಕಳೆದು ಹೊರಗೆ ಹೋದೆ, ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತೆ. ಹೊಸಬರ ಕಡೆ ತಿರುಗಿ, ಅವತ್ತು ನಾನು ಮಾಡಿದ್ದು ತಪ್ಪು, ನನ್ನನ್ನು ಕ್ಷಮಿಸಬೇಕು ಎಂದೆ. ಧ್ವನಿ ನಾನಂದುಕೊಂಡದ್ದಕ್ಕಿಂತ ಸಣ್ಣದಾಗಿ ಹೊರಟಿತು. ಮೂರು ಬೇರೆ ಬೇರೆ ತೂಕ ಬಂದಾಗ ಸರಾಸರಿ ತೆಗೆದ ಕತೆಯನ್ನೂ ಹೇಳಿಬಿಟ್ಟೆ.

"ಸರಾಸರಿ!" ಎಂದು ಬೆನ್ ಹಣೆಗೆ ಕೈ ಹಚ್ಚಿದರು. ಹೊಸಬರಿಗೆ ನಗು ತಡೆಯಲಾಗದೆ ಚಹಾ ನೆತ್ತಿಗೆ ಹತ್ತಿತು.

ಅದೇನು ಪವಾಡವಲ್ಲ. ಆದರೆ ಆ ವಾರವೇ ಒಬ್ಬರು ಯಾವುದೋ ದ್ರಾವಣ ಕೆಟ್ಟಿದೆ ಅನ್ನಿಸುತ್ತದೆ ಎಂದರು, ಇನ್ನೊಬ್ಬರು ಅದು ತಮ್ಮ ಕೈಯಲ್ಲೇ ಕೆಟ್ಟದ್ದು ಎಂದು ಒಪ್ಪಿಕೊಂಡರು, ಮಧ್ಯಾಹ್ನದೊಳಗೆ ಹೊಸದು ತಯಾರಾಯಿತು. ನಾನು ಮಾಡಿದ್ದಿಷ್ಟೇ, ಸುಮ್ಮನೆ ಕೂತದ್ದು. ನನ್ನ ಪಾಲಿಗೆ ಅದು ಸಣ್ಣ ಕೆಲಸವೇನಲ್ಲ.

ಈಗಲೂ ನಾನು ಹತ್ತು ನಿಮಿಷ ತಡವಾಗಿಯೇ ಹೋಗುತ್ತೇನೆ. ಗುಜರಾತಿ ಸುಮಾರಾಗಿ ಬರುತ್ತದೆ. ಅದು ಅವರಿಗೆ ಗೊತ್ತಾದಾಗಿನಿಂದ, ನಾನು ವರಾಂಡಕ್ಕೆ ಕಾಲಿಟ್ಟ ಕೂಡಲೇ ಅವರು ವಿಷಯ ಬದಲಿಸುವುದು ಇನ್ನೂ ಚುರುಕಾಗಿದೆ.