ಮಾಳಿಗೆಯ ಚಿಲಕ

ಮಕ್ಕಳೇ, ಕನ್ನೊಳ್ಳಿಯ ನಮ್ಮ ಮನೆಯ ಮಾಳಿಗೆ ಬಾಗಿಲಿಗೆ ಒಂದು ಕಬ್ಬಿಣದ ಚಿಲಕವಿದೆಯಲ್ಲ, ಮೇಲೆ ಬಯಲಿಗೆ ಹೋಗಿ ಆಚೆಯಿಂದ ಅದನ್ನು ಹಾಕಿಕೊಂಡರೆ ಲೋಕವೆಲ್ಲ ಕೆಳಗುಳಿಯಿತೆಂದೇ ನಾನು ತಿಳಿದಿದ್ದೆ. ನಿಮ್ಮ ಅಜ್ಜ ಹೋದ ಮೇಲೆ ತಲೆಯ ಸೆರಗು ಸರಿಸಿ, ಬಿಸಿಲಿಗೆ ಕೂದಲು ಹರವಿಕೊಂಡು, ಯಾರ ಕಣ್ಣಿಗೂ ಬೀಳದೆ ನಾನು ಕೂರುತ್ತಿದ್ದುದು ಅಲ್ಲಿ ಮಾತ್ರ.

ಒಂದು ಮಧ್ಯಾಹ್ನ ನೆತ್ತಿಯ ಮೇಲೆ ಜೇನುಹಿಂಡಿನಂಥ ಸದ್ದು. ತಲೆಯೆತ್ತಿದರೆ ಡ್ರೋನು, ಅದರ ಹೊಟ್ಟೆಯಲ್ಲೊಂದು ಕಣ್ಣು! ಸೆರಗೆಳೆದುಕೊಂಡು ಕೆಳಗೋಡಿದೆ. ಅಂದಿನಿಂದ ಮೇಲೆ ಹೋಗುವುದನ್ನೇ ಬಿಟ್ಟೆ. ಇಂಥದ್ದನ್ನು ಯಾರ ಮುಂದೆ ಹೇಗೆ ಹೇಳುವುದು? ನಾನು ಬಿಟ್ಟರೂ ಅದು ಬಿಡಲಿಲ್ಲ; ಇನ್ನೂ ಕೆಳಗಿಳಿದು ಮಾಳಿಗೆಯನ್ನು ಸುತ್ತತೊಡಗಿತು.

ರಜೆಗೆ ಬಂದ ನಿಮ್ಮ ಸಂಗೀತಕ್ಕ, "ಒದ್ದಿ ಕೂದ್ಲಾ ಕಟ್ಕೊಂಡು ಕತ್ತಲಾಗ ಯಾಕ ಕುಂತಿ ಅಜ್ಜಿ? ನೆಗಡಿ ಕರದು ಕುಂಡ್ರಸ್ತೀ ಏನು?" ಎಂದು ಗದರಿದಾಗ ಹೇಳಿಯೇಬಿಟ್ಟೆ. ಅವಳು ರೇಡಿಯೊ ತರಂಗಗಳ ಎಂಜಿನಿಯರ್. ಕರೆಯದೆ ಬರುವ ಡ್ರೋನುಗಳನ್ನು ಪತ್ತೆ ಹಚ್ಚುವುದೇ ಅವಳ ಕೆಲಸ. ಮತ್ತೆ ಆ ಸದ್ದು ಕೇಳುತ್ತಲೇ ಪೆಟ್ಟಿಗೆಯಿಂದ ಆಂಟೆನಾ ತೆಗೆದು ಮಾಳಿಗೆಗೆ ಹೋಗಿ ನಿಧಾನವಾಗಿ ತಿರುಗಿಸಿದಳು. ಬಾಗಿಲ ಮರೆಯಿಂದ ನೋಡಿದೆ: ಖಾಲಿಯೆಂದುಕೊಂಡಿದ್ದ ಗಾಳಿಯ ಮಾತೆಲ್ಲ ಅವಳ ಕೈಯಲ್ಲಿದ್ದ ಪುಟ್ಟ ಪರದೆಯ ಮೇಲೆ ಗುಡ್ಡಗುಡ್ಡವಾಗಿ ಎದ್ದಿತ್ತು.

"ಡ್ರೋನ್ ಒಂದ ಅಲ್ಲ ಅಜ್ಜಿ, ಹಾರಸೋರ ಕೈಯಾಗಿನ ರಿಮೋಟೂ ಮಾತಾಡತೈತಿ. ಅಲ್ಲಿ, ತೊಗರಿ ಹೊಲದ ಕಡೆ. ನಡಿ."

ಯಾವನೋ ಪುಂಡನೆಂದುಕೊಂಡೇ ಹೋದೆ. ಬದುವಿನ ಮೇಲೆ ರಿಮೋಟ್ ಹಿಡಿದು ನಿಂತಿದ್ದವಳು ಓಣಿಯ ಕಸ್ತೂರಿ! ಬೆಳೆಗೆ ಔಷಧಿ ಹೊಡೆಯಲು ಡ್ರೋನ್ ಹಾರಿಸುವುದನ್ನು ಕಲಿತಿದ್ದಳಂತೆ. ನನ್ನ ಹಾಗೆಯೇ ಅವಳಿಗೂ ತಲೆ ತುಂಬ ಸೆರಗು.

"ಅಯ್ಯ, ಆರಾಮ ಅದೀರ್ಯಾ ಅವ್ವಾರ? ದಿನಾ ಬಿಸಿಲಿಗೆ ಕುಂಡ್ರಾವ್ರು ಕಾಣವಲ್ರಿ, ಬಿದ್ದಗಿದ್ದಾರೇನಂತ ಕೆಳಗ ಇಳಿಸಿ ನೋಡಾಕತ್ತಿದ್ನಿರಿ!"

"ಬಾಗ್ಲಾ ಬಡದಿದ್ರ ಆಗತಿರಲಿಲ್ಲೇನು ಕಾಕೂ?" ಎಂದಳು ಸಂಗೀತಾ.

ಕಸ್ತೂರಿ ರಿಮೋಟಿನ ಪರದೆಯಲ್ಲಿ ತೋರಿಸಿದ, ಡ್ರೋನು ಹಿಂದೆ ತೆಗೆದಿದ್ದ ಚಿತ್ರದಲ್ಲಿ ಬಿಳಿಗೂದಲು ಹರವಿ ಕುಳಿತ ಒಂದು ಪುಟ್ಟ ಜೀವ. ನನ್ನ ನೆತ್ತಿಯನ್ನು ನಾನು ಕಂಡದ್ದು ಅದೇ ಮೊದಲು. "ಅಳಿಸವ್ವ" ಎಂದೆ. ಅವಳ ಮುಖ ಸಪ್ಪಗಾಯಿತು. ಅಳಿಸಿದಳು.

ಸಿಟ್ಟಾಗಬೇಕಿತ್ತೋ, ಕಣ್ಣು ತುಂಬಿಕೊಳ್ಳಬೇಕಿತ್ತೋ, ನನಗಿನ್ನೂ ತಿಳಿದಿಲ್ಲ. ಮೊದಲೆಲ್ಲ ನೋಟ ಮೆಟ್ಟಿಲು ಹತ್ತಿ ಬರಬೇಕಿತ್ತು. ಸಪ್ಪಳ ಕೇಳಿ ಸೆರಗೆಳೆದುಕೊಳ್ಳಲು ನಮಗೆ ಬಿಡುವಿತ್ತು. ಈಗ ಕಣ್ಣಿಗೆ ಕಾಲೇ ಬೇಕಿಲ್ಲ. ಕಾಳಜಿಯಿಂದ ನೋಡುವ ಕಣ್ಣೂ ನೆತ್ತಿಯ ಮೇಲಿಂದಲೇ ಬಂದರೆ ಬೆಚ್ಚದೆ ಇರುವುದು ಹೇಗೆ?

ಮರುದಿನ ಮಾಳಿಗೆಗೆ ಹೋದೆ. ಚಿಲಕ ಹಾಕಿ, ಒಮ್ಮೆ ಆಕಾಶ ನೋಡಿ, ಕೂದಲು ಬಿಚ್ಚುವಷ್ಟರಲ್ಲಿ ಬಾಗಿಲು ಬಡಿದ ಸದ್ದು.

"ನಾನ್ರಿ, ಕಸ್ತೂರಿ. ಬರ್ಲ್ಯಾ?"

ಚಿಲಕ ತೆಗೆದೆ. ಸೆರಗು ಹೆಗಲ ಮೇಲೆಯೇ ಉಳಿದಿತ್ತೆಂಬುದು ನನಗೆ ತಿಳಿದದ್ದು, ಅವಳು ಹೋದ ಮೇಲೆ.