ಇಳಿಸಿದ ಪಾತ್ರೆಗೆ ಕಾಯುವ ಒಲೆ

ಚಿಂತಾಮಣಿಯ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಅಮ್ಮಾಜಮ್ಮ ಇಪ್ಪತ್ತೆರಡು ವರ್ಷದಿಂದ ಮುದ್ದೆ ಹೋಟೆಲು ನಡೆಸುತ್ತಿದ್ದಾಳೆ. ಬೋರ್ಡಿಲ್ಲ. ಬೇಕಾಗಿಯೂ ಇಲ್ಲ, ಸಾರಿನ ಘಮವೇ ದಾರಿ ತೋರಿಸುತ್ತದೆ. ನೀರಾವರಿಗಾಗಿ ನಾವು ತಾಲ್ಲೂಕು ಕಚೇರಿ ಮುಂದೆ ಧರಣಿ ಕೂತಾಗ ಭಾಷಣ ಬಿಗಿದವರು ಹಲವರು, ಮುದ್ದೆ ಹಾಕಿದವಳು ಇವಳೊಬ್ಬಳೇ. ಆ ಭಾಷಣಗಳಲ್ಲಿ ಒಂದು ಸಾಲೂ ಇವತ್ತು ಯಾರಿಗೂ ನೆನಪಿಲ್ಲ. ಅವರೆಕಾಳಿನ ಸಾರು ನೆನಪಿದೆ.

ಈಚೆಗೆ ಕಟ್ಟಡದ ಮಾಲೀಕ ನರಸಿಂಹಪ್ಪ ಮೇಲಿನ ಮಹಡಿಯನ್ನು ಸೀರೆ ಅಂಗಡಿಗೆ ಕೊಟ್ಟ. ಸೀರೆಗಳಿಗೆಲ್ಲ ಇವಳ ಸೌದೆ ಒಲೆಯ ಹೊಗೆ ವಾಸನೆ ಹಿಡಿಯಿತು.

"ಸೌದೆನೂ ಬೇಡ, ಸಿಲಿಂಡರೂ ಬೇಡ. ಬಟ್ಟೆ ಅಂಗಡಿ ಕೆಳಗೆ ಬೆಂಕಿನೇ ಬೇಡ. ಕರೆಂಟ್ ಒಲೇಲಿ ಮಾಡೋದಾದ್ರೆ ಇರಮ್ಮ. ತಿಂಗಳ ಕೊನೇ ಭಾನುವಾರದ ಸಂತೆವರೆಗೂ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಜಾಗ ಬಿಟ್ಬಿಡು," ಅಂದ.

ಅಮ್ಮಾಜಮ್ಮ ಸ್ಮಾರ್ಟ್ ಇಂಡಕ್ಷನ್ ಒಲೆ ತಂದಳು. ಫೋನಿಗೆ ಬರುವ ಹಾಗೆ ಇದಕ್ಕೂ ಅಪ್‌ಡೇಟ್ ಬರುತ್ತದೆ, ಬಂದ ಹಾಗೆಲ್ಲ ಒಲೆ ಸುಧಾರಿಸುತ್ತದೆ ಎಂದು ಅಂಗಡಿಯವನು ಹೇಳಿದ.

"ಮನುಷ್ಯರೇ ಸುಧಾರಿಸಲ್ಲ, ಒಲೆ ಸುಧಾರಿಸ್ತದಾ?" ಅಂದಳು ಇವಳು.

ಸಾರು, ಪಲ್ಯ ಚೆನ್ನಾಗಿಯೇ ಆದವು. ಪೆಟ್ಟು ಬಿದ್ದಿದ್ದು ಮುದ್ದೆಗೆ. ಹಿಟ್ಟು ಬೆಂದ ಮೇಲೆ ಪಾತ್ರೆಯನ್ನು ನೆಲಕ್ಕಿಳಿಸಿ, ಗೋಣಿಚೂರಿನ ಮೇಲಿಟ್ಟು, ಎರಡು ಪಾದಗಳ ನಡುವೆ ಅದುಮಿ ಹಿಡಿದು, ಕೋಲಿನಿಂದ ಬಲವಾಗಿ ತಿರುವಬೇಕು. ಐದು ನಿಮಿಷದ ಕುಸ್ತಿ ಅದು. ಆಮೇಲೆ ಮತ್ತೆ ಒಲೆಗಿಟ್ಟು ಸಣ್ಣ ಉರಿಯಲ್ಲಿ ಹದಕ್ಕೆ ತರಬೇಕು. ಈ ಒಲೆಯೋ, ಪಾತ್ರೆ ಎತ್ತಿದ ಅರ್ಧ ನಿಮಿಷಕ್ಕೆ ಕೀಂಯ್ ಎಂದು ಸತ್ತುಹೋಗುತ್ತಿತ್ತು. ಮತ್ತೆ ಒತ್ತಿದರೆ ಮೊದಲಿನಿಂದ ಶುರು, ಅದೂ ಪೂರ್ತಿ ಉರಿಯಲ್ಲಿ. ತಳ ಸೀದು, ನಡುವೆ ಹಸಿ ಉಳಿಯುತ್ತಿತ್ತು.

ಅಂಬಾಜಿದುರ್ಗದ ಕಡೆಯಿಂದ ಟೊಮೆಟೊ ತರುವ ಎರ್ರಪ್ಪ ದಿನಾ ಉಣ್ಣುವ ಗಿರಾಕಿ. ಒಂದು ತುತ್ತು ಮುರಿದು ನೋಡಿದ.

"ಏಮಮ್ಮಾ, ಇದನ್ನ ನುಂಗೋದಾ, ಗೋಡೆಗೆ ಮೆತ್ತೋದಾ?"

"ಮೊದ್ಲು ನಿನ್ನ ಬಾಯಿಗೆ ಮೆತ್ತಿ ನೋಡ್ತೀನಿ, ಸುಮ್ನೆ ಉಣ್ಣು!"

ಅವನು ಉಂಡ. ಮಾರನೆಯ ದಿನ ಬರಲಿಲ್ಲ. ಸಂತೆಗೆ ಉಳಿದಿದ್ದು ಹದಿನೇಳು ದಿನ.

ಕಂಪನಿಗೆ ಫೋನು ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಎನ್ನುವ ಯಂತ್ರದ ಮಾತು. ಎರಡು ದಿನ ಒತ್ತಿದಳು. ಮೂರನೆಯ ದಿನ ಒಲೆ, ಪಾತ್ರೆ, ಕೋಲು, ಎರಡು ಸೇರು ರಾಗಿಹಿಟ್ಟು ಕಟ್ಟಿಕೊಂಡು ಚಿಕ್ಕಬಳ್ಳಾಪುರದ ಬಸ್ ಹತ್ತಿದಳು. ಧರಣಿಯಲ್ಲಿ ನಮ್ಮ ಜೊತೆ ಕೂತು ಅವಳು ಕಲಿತದ್ದು ಒಂದೇ: ಅರ್ಜಿ ಕೊಟ್ಟರೆ ಓದುವುದಿಲ್ಲ, ಎದುರಿಗೆ ಹೋಗಿ ಕೂತರೆ ಎದ್ದು ಬರುತ್ತಾರೆ.

ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಯಾಮಿನಿ ಎಂಬ ಇಂಜಿನಿಯರ್ ಹುಡುಗಿ ಒಲೆಯನ್ನು ತಿರುಗಿಸಿ ನೋಡಿದಳು.

"ಅಮ್ಮ, ಒಲೆ ಸರಿಯಾಗೇ ಇದೆ. ಪಾತ್ರೆ ಎತ್ತಿದ್ರೆ ಅಡುಗೆ ಮುಗೀತು ಅಂತ ಅದು ಆಫ್ ಆಗುತ್ತೆ."

"ಯಾರು ಹೇಳಿದ್ರು ಮುಗೀತು ಅಂತ? ಅಲ್ಲಿಂದ್ಲೇ ಶುರು ಕಣಮ್ಮ! ಒಂದು ಪ್ಲಗ್ ತೋರ್ಸು."

ಬಂದ ಗಿರಾಕಿಗಳೆಲ್ಲ ನೋಡುತ್ತಿರುವಂತೆಯೇ ಎಸರಿಟ್ಟಳು. ಹಿಟ್ಟು ಸುರಿದಳು. ಬೆಂದ ಮೇಲೆ ಪಾತ್ರೆ ಇಳಿಸಿ, ಹೊಳೆಯುವ ಟೈಲ್ಸ್ ಮೇಲೆ ಸೀರೆ ಎತ್ತಿಕಟ್ಟಿ ಕೂತು, ಪಾದಗಳಲ್ಲಿ ಹಿಡಿದು ತಿರುವತೊಡಗಿದಳು. ಒಲೆ ಕೀಂಯ್ ಅಂದಿತು.

"ನೋಡು, ಸತ್ತೋಯ್ತು. ನಾನಿನ್ನೂ ಕುಸ್ತೀಲೇ ಇದ್ದೀನಿ."

ಯಾಮಿನಿ ನಗುತ್ತಲೇ ಫೋನಿನಲ್ಲಿ ವಿಡಿಯೊ ಮಾಡಿಕೊಂಡಳು. ಎಷ್ಟು ಹೊತ್ತು ಇಳಿಸುತ್ತೀರಿ, ಮತ್ತೆ ಇಟ್ಟಾಗ ಎಷ್ಟು ಉರಿ ಬೇಕು ಎಂದು ಕೇಳಿ ಬರೆದುಕೊಂಡಳು.

"ನಮ್ಮನೇಲೂ ದಿನಾ ಮುದ್ದೆ ಅಮ್ಮ. ಉಣ್ಣೋದು ಬಿಟ್ರೆ ನಾನು ಅಡುಗೆಮನೆ ಕಡೆ ತಿರುಗಿ ನೋಡಿಲ್ಲ," ಎಂದು ಒಪ್ಪಿಕೊಂಡಳು. ಮತ್ತೆ ಒಲೆಗಿಟ್ಟಾಗ ಸೀದ ತಳ ಬಿಟ್ಟು ಮೇಲಿನದನ್ನು ಆಫೀಸಿನವರೆಲ್ಲ ಉಪ್ಪಿನಕಾಯಿ ನೆಂಚಿಕೊಂಡು ಮುಗಿಸಿದರು.

ಐದು ದಿನಕ್ಕೆ ಮೊದಲ ಅಪ್‌ಡೇಟ್ ಬಂತು. ಒಲೆ ಈಗ ಎರಡು ನಿಮಿಷ ಕಾಯುತ್ತಿತ್ತು. ಜೊತೆಗೆ ಮಾತು ಬೇರೆ ಕಲಿತಿತ್ತು. "ಪಾತ್ರೆ ಇಲ್ಲ. ದಯವಿಟ್ಟು ಪಾತ್ರೆ ಇಡಿ."

"ಕಾಲಲ್ಲಿ ಹಿಡ್ಕೊಂಡಿದ್ದೀನಿ ಕಣೇ, ಕಾಣಲ್ವಾ?" ಎಂದು ಅಮ್ಮಾಜಮ್ಮ ಅದಕ್ಕೂ ಬೈದು, ಯಾಮಿನಿಗೆ ಫೋನು ಮಾಡಿದಳು. "ಎರಡು ನಿಮಿಷಕ್ಕೆ ನನ್ನ ಸೊಂಟಾನೇ ಬಗ್ಗಲ್ಲ ತಾಯಿ. ಹತ್ತು ಮಾಡು. ಅದ್ರ ಬಾಯೂ ಮುಚ್ಸು."

ಸಂತೆಯ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ಎರಡನೆಯದು ಬಂತು. ಅಮ್ಮಾಜಮ್ಮ ಪಾತ್ರೆ ಇಳಿಸಿದಳು. ಒಲೆ ಬಾಯಿ ಬಿಡಲಿಲ್ಲ, ಸಣ್ಣ ದೀಪ ಮಾತ್ರ ಮಿನುಗುತ್ತಿತ್ತು. ಆರಾಮವಾಗಿ ತಿರುವಿದಳು. ನಡುವೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಮತ್ತೆ ಮೇಲಿಟ್ಟಾಗ ಒಲೆ ತಾನಾಗಿಯೇ ಸಣ್ಣ ಉರಿಗೆ ಬಂತು. ಬೆಣ್ಣೆಯಂಥ ಮುದ್ದೆ. ಒಂದು ಗಂಟಿಲ್ಲ.

ಹೇಗಾಯಿತೆಂದು ಕೇಳಲು ಯಾಮಿನಿಯೇ ಫೋನು ಮಾಡಿದಳು. "ಈ ಮೋಡ್ ಇನ್ಮೇಲೆ ಎಲ್ಲಾರ ಒಲೆಗೂ ಹೋಗುತ್ತೆ ಅಮ್ಮ. ನಿಮ್ಮ ಹೆಸರೇ ಇಡೋಣ್ವಾ?"

"ಬ್ಯಾಡ. ಸೀದೋದಾಗೆಲ್ಲ ಊರೂರ ಹೆಂಗಸ್ರು ನನ್ನ ಹೆಸರು ಹಿಡ್ದು ಬೈತಾರೆ. ಮುದ್ದೆ ಅಂತ ಇಡು."

ಭಾನುವಾರ ಹನ್ನೊಂದಕ್ಕೇ ಬಾಗಿಲಾಚೆ ಸಾಲು. ಎರ್ರಪ್ಪ ಏನೂ ಆಗದವನಂತೆ ಬಂದು ಎರಡು ಮುದ್ದೆ ಇಳಿಸಿ ಮೂರನೆಯದಕ್ಕೆ ಕೈಚಾಚಿದ. ನರಸಿಂಹಪ್ಪ ಬಂದು ಮೊದಲು ಗೋಡೆ ನೋಡಿದ, ಆಮೇಲೆ ಮೂಗೆತ್ತಿ ಹೊಗೆ ಹುಡುಕಿದ. ಸಿಕ್ಕಿದ್ದು ಬರೀ ಸಾರಿನ ವಾಸನೆ. ಕೂತ. ಒಂದು ಉಂಡ, ಕೇಳದೆಯೇ ಬಡಿಸಿದ ಇನ್ನೊಂದನ್ನೂ ಉಂಡ.

"ಆಯ್ತು, ಇಲ್ಲೇ ಇದ್ಬಿಡಮ್ಮ," ಅಂದ.

"ಇರದೆ ಇನ್ನೆಲ್ಲಿಗೋಗ್ಲಿ? ಎದ್ದು ಕೈ ತೊಳ್ಕಳಪ್ಪ, ಆ ಜಾಗಕ್ಕೆ ಜನ ಕಾಯ್ತಾವ್ರೆ!"